ಏಫ, ಬತ್, ಹೋಮೆರ್: ಲೀಟರಿಗೆ ತಂದ ನನ್ನ ಅನುಭವ

ಬೈಬಲಿನ ಧಾನ್ಯದ ಅಳತೆಯಾದ ಏಫಕ್ಕೆ ಒಂದು ಪುಸ್ತಕದಲ್ಲಿ 22 ಲೀಟರ್, ಇನ್ನೊಂದರಲ್ಲಿ 25ರ ಹತ್ತಿರ, ಮತ್ತೊಂದರಲ್ಲಿ 43. ಬೈಬಲ್ ಅಧ್ಯಯನಕ್ಕೆ ಅಡಿಟಿಪ್ಪಣಿ ಬರೆಯಲು ಕೂತಾಗ "ಇದು ತಾಳೆ ಆಗಲ್ಲ, ಸುಮ್ನೆ ಬಿಡಿ" ಎಂದವರೇ ಜಾಸ್ತಿ. ಈಗ ಅವರೇ ನನ್ನ ಪಟ್ಟಿ ಕೇಳಿ ಪಡೆಯುತ್ತಾರೆ.

ತಯಾರಾಗಿ ಸಿಗುವ ಪಟ್ಟಿಗಳು ಕೈಕೊಡುತ್ತವೆ. ಒಂದರಲ್ಲಿ ಏಫದ ಹತ್ತನೇ ಒಂದು ಪಾಲಾದ ಓಮೆರ್ 2 ಲೀಟರ್, ಹತ್ತು ಏಫದ ಹೋಮೆರ್ 220. ನೂರು ಓಮೆರ್ ಸೇರಿದರೆ ಒಂದು ಹೋಮೆರ್ ಆಗಬೇಕು ಅಲ್ವಾ? 20 ಲೀಟರ್ ಎಲ್ಲಿ ಹೋಯಿತು? ಒಂದೊಂದನ್ನೂ ಬೇರೆಬೇರೆಯಾಗಿ ಲೀಟರಿಗೆ ತಂದು ದುಂಡು ಮಾಡಿದರೆ ಹೀಗೇ ಆಗುವುದು. ಆ ಪಟ್ಟಿಯ ಹಾಳೆಗಳನ್ನು ಅಚ್ಚು ಹಾಕಿಸಿ ಮೂರು ಸಾವಿರದಷ್ಟು ದುಡ್ಡು ದಂಡವಾಯಿತು.

ಆಮೇಲೆ ಎಲ್ಲವನ್ನೂ ಮೊದಲು ಚಿಕ್ಕ ಅಳತೆಯಾದ ಲೋಗಿಗೆ ಇಳಿಸಿದೆ. ನಮ್ಮ ಸೇರಿಗೆ ನಾಲ್ಕು ಪಾವು ಇದ್ದಹಾಗೆ ಕಬ್ ಎಂಬ ಅಳತೆಗೆ 4 ಲೋಗ್. ಹಿನ್ 12, ಸೆಯಾ 24, ಏಫ 72, ಹೋಮೆರ್ 720. ದ್ರವದ ಅಳತೆಯಾದ ಬತ್ ಕೂಡ 72, ಏಫ ಮತ್ತು ಬತ್ ಸಮ ಎನ್ನುವ ಯೆಹೆಜ್ಕೇಲ 45:11 ಇದ್ದೇ ಇದೆಯಲ್ಲ. ಓಮೆರ್ 7.2, ಅದನ್ನು ದುಂಡು ಮಾಡಲೇಬಾರದು. ಲೀಟರ್ ಬರುವುದು ಕೊನೆಗೆ, ಒಂದೇ ಸಲ. ತೆಲ್ ಬೇತ್ ಮಿರ್ಸಿಮ್‌ನ ಜಾಡಿ ಚೂರುಗಳಿಂದ ಪುರಾತತ್ತ್ವಜ್ಞ ಆಲ್‌ಬ್ರೈಟ್ ಅಂದಾಜಿಸಿದ 22 ಲೀಟರ್ ಬತ್ ಹಿಡಿದರೆ ಲೋಗ್ 305 ಮಿ.ಲೀ. ಚಿಲ್ಲರೆ. ತಿರುಗಿಸಿ ನೋಡಿ: 5 ಲೀಟರ್ ಕ್ಯಾನ್ ಅಂದರೆ ಒಂದು ಹಿನ್, ಮೇಲೆ ನಾಲ್ಕು ಲೋಗು ಮತ್ತು ಚೂರು. ಯೆಶಾಯ 5:10ಕ್ಕಂತೂ ಲೀಟರೇ ಬೇಡ. ಹೋಮೆರ್ ಬಿತ್ತಿದರೆ ಏಫ ಬೆಳೆ, ಹತ್ತಕ್ಕೆ ಒಂದು.

ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಲೆಕ್ಕದಲ್ಲಿ ಲೋಗಿಗೆ ಆರು ಮೊಟ್ಟೆ. ಅದನ್ನೂ ನೋಡಿಬಿಡೋಣ ಎಂದು ಗಾಜಿನ ಅಳತೆ ಜಾಡಿ ತಂದೆ, ಐನೂರು ರೂಪಾಯಿ ಇರಬೇಕು. 300ರ ಗೆರೆಗೆ ನೀರು ಹಾಕಿ ಮೊಟ್ಟೆಯನ್ನು ಚಮಚದಲ್ಲಿ ಮೆಲ್ಲಗೆ ಇಳಿಸಿದರೆ ನೀರು 350 ದಾಟಿ ನಿಂತಿತು. ಆರಕ್ಕೆ ಮುನ್ನೂರು ಚಿಲ್ಲರೆ! ರಬ್ಬಿ ನಾಯೆ ಮೊಟ್ಟೆಗೆ 57.6 ಮಿ.ಲೀ. ಹಿಡಿದರು, ಏಫ 25ರ ಹತ್ತಿರ ಬರುವುದು ಅದರಿಂದ. 18ನೇ ಶತಮಾನದ ಪ್ರಾಗ್‌ನಲ್ಲಿ ರಬ್ಬಿ ಲಂಡಾವ್ ಹೆಬ್ಬೆರಳಿನ ಅಗಲದಿಂದ ಅಳೆದಾಗ ಮೊಟ್ಟೆಯ ಲೆಕ್ಕದ ಹೆಚ್ಚುಕಡಿಮೆ ಎರಡರಷ್ಟು ಬಂತು. ಹಾಗಾಗಿ ಮೊಟ್ಟೆಗಳೇ ಚಿಕ್ಕವಾಗಿವೆ ಎಂದರು. 43ರ ಬೇರು ಅಲ್ಲಿದೆ.

ಸೊಲೊಮೋನನ ದೇವಾಲಯದ ದೊಡ್ಡ ನೀರಿನ ತೊಟ್ಟಿ, ಕಂಚಿನ ಸಮುದ್ರವನ್ನೂ ಬಿಡಲಿಲ್ಲ. 10 ಮೊಳ ಅಗಲ, 5 ಮೊಳ ಎತ್ತರ, 2000 ಬತ್. ಮೊಳಕ್ಕೆ 48 ಸೆಂ.ಮೀ., ಗೋಡೆ ನೆಟ್ಟಗೆ ಎಂದುಕೊಂಡರೆ ಬತ್ 21.7 ಲೀಟರ್. ಅರ್ಧಗೋಳ ಎಂದರೆ 14.5ಕ್ಕೆ ಇಳಿಯುತ್ತದೆ. ಅದೇ ತೊಟ್ಟಿಗೆ ಪೂರ್ವಕಾಲವೃತ್ತಾಂತ ಹೇಳುವ 3000 ಬತ್ತಿಗೆ ನನ್ನದೇ ಒಂದು ಲೆಕ್ಕವಿದೆ, ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಬೈಬಲಿನ ರೂತಳು ಹಕ್ಕಲಾಯ್ದ ಒಂದು ಏಫ ಜವೆಗೋದಿಗೆ ನನ್ನ ಟಿಪ್ಪಣಿ: ಸುಮಾರು 22 ಲೀಟರ್, ತೂಕ 13-14 ಕಿಲೋ.