ಎರಡನೇ ಗೋಲ್‌ಕೀಪರ್ ಆಗಿ ನನ್ನ ಎರಡು ವರ್ಷ

ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಮೈದಾನದಲ್ಲಿ ನಾನು ಆಡಲು ಬಂದಾಗ ನಮ್ಮ ಫುಟ್‌ಬಾಲ್ ತಂಡಕ್ಕೆ ಆಗಲೇ ಒಳ್ಳೆ ಗೋಲ್‌ಕೀಪರ್ ಒಬ್ಬರಿದ್ದರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಮುಂದೆ ಆಡುವ ಹುಡುಗನಾದರೆ ಕೊನೆಯ ಹತ್ತು ನಿಮಿಷಕ್ಕಾದರೂ ಕರೆ ಬರುತ್ತದೆ. ಕೀಪರ್‌ಗೆ ಇರುವುದು ಒಂದೇ ಜಾಗ. ಮೊದಲನೆಯವರಿಗೆ ಪೆಟ್ಟಾಗಬೇಕು, ಇಲ್ಲವೇ ಅವರ ಆಟ ಕೆಡಬೇಕು. ಎರಡನ್ನೂ ಬಯಸಲು ಮನಸ್ಸು ಒಪ್ಪುವುದಿಲ್ಲ, ಅಲ್ವಾ?

ಬಿಟ್ಟುಬಿಡೋಣ ಅನ್ನಿಸಿದ್ದ 2016ರಲ್ಲೇ ಗುರ್‌ಪ್ರೀತ್ ಸಿಂಗ್ ಸಂಧು ಅವರ ಸುದ್ದಿ ಓದಿದೆ. 2014ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದವರು ಅವರು. ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2016ರಲ್ಲಿ. ಅದೇ ವರ್ಷ ಯುರೋಪಿನ ಕ್ಲಬ್‌ಗಳು ಆಡುವ ಯುರೋಪಾ ಲೀಗ್‌ನ ಅರ್ಹತಾ ಪಂದ್ಯವನ್ನೂ ಆಡಿದರು. ಭಾರತ ತಂಡದ ಕೀಪರ್ ಅಷ್ಟು ದೂರದ ಚಳಿಯ ಊರಲ್ಲಿ ಅಷ್ಟು ದಿನ ಕಾದಿದ್ದರು. ನಾನು ಕಾಯುತ್ತಿದ್ದದ್ದು ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ.

ಅಂದಿನಿಂದ ಸುಮ್ನೆ ಕೂರುವುದನ್ನು ನಿಲ್ಲಿಸಿದೆ. ಅಭ್ಯಾಸದ ಹೊತ್ತಿನಲ್ಲಿ ಗೋಲಿನ ಬಲೆಯ ಹಿಂದೆ ನಿಂತು ಅಣ್ಣನ ಕಾಲುಗಳನ್ನಷ್ಟೇ ನೋಡುತ್ತಿದ್ದೆ. ಎದುರಿನವನು ಚೆಂಡು ಒದೆಯುವ ಗಳಿಗೆಗೆ ಅವರ ಎರಡೂ ಪಾದ ನೆಲದ ಮೇಲೆ ಇರುತ್ತಿದ್ದವು, ಭಾರ ಮುಂಗಾಲಿನ ಮೇಲೆ. ನಾನಾದರೆ ಆಗ ಇನ್ನೂ ಪಕ್ಕಕ್ಕೆ ಸರಿಯುತ್ತಿರುತ್ತಿದ್ದೆ. ಒಂದು ಕಾಲು ಗಾಳಿಯಲ್ಲಿದ್ದರೆ ಆ ಕಡೆಯ ಚೆಂಡಿಗೆ ಜಿಗಿಯಲು ನೆಲವೇ ಸಿಗುವುದಿಲ್ಲ. ಗೋಲಿನ ಅಗಲ 7.32 ಮೀಟರ್, ಕೈ ಚಾಚಿ ಮುಚ್ಚುವಂಥದ್ದಲ್ಲ. ಎರಡು ಹೆಜ್ಜೆ ಮುಂದೆ ಬಂದು ನಿಂತರೆ ಒದೆಯುವವನಿಗೆ ಕಾಣುವ ಜಾಗ ಕಡಿಮೆಯಾಗುತ್ತದೆ. ಜಾಸ್ತಿ ಮುಂದೆ ಬಂದರೆ ತಲೆ ಮೇಲಿಂದ ಹೋಗುತ್ತದೆ.

“ತಮ್ಮಾ, ಬೀಳೂದು ಆಮ್ಯಾಲೆ. ಮೊದ್ಲ ನಿಂದ್ರೂದು ಕಲಿ,” ಅಂತ ಅಣ್ಣ ಹೇಳುತ್ತಿದ್ದರು.

ಬೀಳುವುದನ್ನು ಕಲಿಸಿದವರೂ ಅವರೇ. ಬೇಸಿಗೆಯಲ್ಲಿ ನಮ್ಮ ನೆಲ ಕಲ್ಲಿನ ಹಾಗೆ. ಅದಕ್ಕೆ ಮೊದಲು ಮಂಡಿಯೂರಿ ಕೂತು ಪಕ್ಕಕ್ಕೆ ಒರಗುವುದು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಮೊಣಕೈ ಊರಬಾರದು. ತೊಡೆ, ಪಕ್ಕೆ, ಭುಜ ಒಂದರ ಹಿಂದೆ ಒಂದು ನೆಲ ಮುಟ್ಟಬೇಕು. ಮೊದಲ ತಿಂಗಳು ಸೊಂಟದ ಚರ್ಮ ಕಿತ್ತುಹೋಗಿತ್ತು. ಅವ್ವ ಎಣ್ಣೆ ಹಚ್ಚುವಾಗ ಏನೂ ಕೇಳುತ್ತಿರಲಿಲ್ಲ. ಅದು ನನಗೆ ಈಗಲೂ ದೊಡ್ಡ ಸಂಗತಿ.

ಗ್ಲೌಸ್ ಬಗ್ಗೆ ಒಂದು ಮಾತು. ಅಂಗೈಯ ಲೇಟೆಕ್ಸ್, ಅಂದರೆ ರಬ್ಬರ್ ಪದರ, ಒಣಗಿದ್ದರೆ ಚೆಂಡು ಜಾರುತ್ತದೆ. ಆಟಕ್ಕೆ ಮುಂಚೆ ಸ್ವಲ್ಪ ಒದ್ದೆ ಮಾಡಿ. ತೊಳೆದ ಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

ಎರಡನೇ ವರ್ಷದ ಕೊನೆಗೆ ಗದಗಿನಲ್ಲಿ ಒಂದು ಪಂದ್ಯ. ವಿರಾಮಕ್ಕೆ ಸ್ವಲ್ಪ ಮುಂಚೆ ಅಣ್ಣನ ಬೆರಳು ಉಳುಕಿತು. ಹೊರಗೆ ಬರುತ್ತಾ ಅವರು ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. ನೀರಿನ ಬಾಟಲಿ ತೆಗೆದು ನನ್ನ ಅಂಗೈ ಮೇಲೆ ಸುರಿದರು. ಮೊದಲ ಚೆಂಡು ಬಂದದ್ದು ಎಡಕ್ಕೆ, ನೆಲದ ಮೇಲೆ, ಅಷ್ಟೇನೂ ಜೋರಿಲ್ಲದೆ. ಎರಡು ಹೆಜ್ಜೆ ಸರಿದು, ನಿಂತು, ಹಿಡಿದೆ. ಬೀಳಬೇಕಾಗಲೇ ಇಲ್ಲ.