ಕಾರಿನ ಹೀಟರ್‌ನಿಂದ ತಣ್ಣನೆ ಗಾಳಿಯೇ? ಬೇಸಿಗೆಯಲ್ಲಿ ಏನು ಮಾಡಿಸಿದ್ದಿರಿ, ನೆನಪಿಸಿಕೊಳ್ಳಿ

ಎಳ್ಳ ಅಮಾವಾಸ್ಯೆ ದಿನ ಬೆಳಿಗ್ಗೆ ಬೇಗ ಬೀದರ್‌ನಿಂದ ಹೊಲಕ್ಕೆ ಹೊರಟಿದ್ದೆವು. ಹೀಟರ್ ಗುಂಡಿಯನ್ನು ಕೆಂಪು ಗೆರೆಯ ಕೊನೆವರೆಗೂ ತಿರುಗಿಸಿದೆ. ಬಂದದ್ದು ಫ್ರಿಜ್ ಬಾಗಿಲು ತೆಗೆದಂಥ ಗಾಳಿ. ಬಿಸಿ ಭಜ್ಜಿಯ ಪಾತ್ರೆ ತೊಡೆ ಮೇಲಿಟ್ಟುಕೊಂಡು ಹಿಂದೆ ಕೂತಿದ್ದ ಅವ್ವನಿಗೆ ಮಾತ್ರ ಚಳಿ ಇರಲಿಲ್ಲ.

ಬಿಸಿಲು ನಾಡಿನವರಿಗೆ ಹೀಟರ್ ಯಾಕೆ ಅಂತ ಬೇರೆ ಊರಿನವರು ನಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಬೀದರ್‌ನ ಬೆಳಗು 10 ಡಿಗ್ರಿಗಿಂತ ಕೆಳಗಿಳಿದಾಗ ಒಮ್ಮೆ ಬಂದು ನೋಡಲಿ.

ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಬಿಸಿಗಾಳಿ ಪುಕ್ಕಟೆ. ಎಂಜಿನ್ ಸುತ್ತಿ ಬಿಸಿಯಾದ ಕೂಲಂಟ್ (ಎಂಜಿನ್ ತಂಪಿಡುವ ನೀರು) ಎರಡು ರಬ್ಬರ್ ಪೈಪ್‌ಗಳಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಹೋಗಿ ಬರುತ್ತದೆ. ಅದಕ್ಕೆ ಹೀಟರ್ ಕೋರ್ ಎನ್ನುತ್ತಾರೆ. ಬ್ಲೋವರ್ ಗಾಳಿ ಅದರ ಮೂಲಕ ಹಾದು ಒಳಗೆ ಬರುತ್ತದೆ. ಗಾಳಿ ತಣ್ಣಗಿದ್ದರೆ ಒಂದೋ ಬಿಸಿ ನೀರು ಅಲ್ಲಿಗೆ ಬರುತ್ತಿಲ್ಲ, ಇಲ್ಲವೇ ಗಾಳಿ ಅದರ ಮೂಲಕ ಹೋಗುತ್ತಿಲ್ಲ. (ಎಲೆಕ್ಟ್ರಿಕ್ ಕಾರಿನ ಕತೆ ಬೇರೆ.)

ಮೊದಲು ಕೂಲಂಟ್ ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಡಬ್ಬಿಯ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆ ಇರುತ್ತವೆ, ಮಟ್ಟ ಅವುಗಳ ನಡುವೆ ಇರಬೇಕು. ಕಡಿಮೆ ಇದ್ದರೆ ತುಂಬಿಸಿ. ಆದರೆ ಸುಮ್ನೆ ಮಾಯವಾಗುವ ವಸ್ತುವಲ್ಲ ಅದು, ಎಲ್ಲೋ ಸೋರುತ್ತಿದೆ ಅಂತಲೇ ತಿಳಿಯಿರಿ.

ಈಗ 15 ನಿಮಿಷ ಗಾಡಿ ಓಡಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ಹೈವೇಯಲ್ಲಿ ಓಡಿದರೂ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ ವಾಲ್ವ್ ತೆರೆದೇ ಉಳಿದಿರಬಹುದು. ಅಥವಾ ವಾಲ್ವೇ ಇಲ್ಲ! ನನ್ನ ಕಾರಿನಲ್ಲಿ ಆದದ್ದು ಇದೇ. ಏಪ್ರಿಲ್‌ನಲ್ಲಿ ಗಾಡಿ ಬಿಸಿಯಾಗುತ್ತದೆ ಅಂತ ಗ್ಯಾರೇಜಿಗೆ ಬಿಟ್ಟಿದ್ದೆ. "ನಮ್ ಕಡಿ ಬಿಸ್ಲಿಗಿ ವಾಲ್ ಯಾಕ್ ಬೇಕ್ರೀ ಸಾಹೇಬ್ರ, ತೆಗದೇ ಬಿಡ್ತೀನಿ" ಅಂದಿದ್ದ ಮಿಸ್ತ್ರಿ. ನಾನೂ ಹೂಂ ಅಂದಿದ್ದೆ. ಎಂಜಿನ್ 80–90 ಡಿಗ್ರಿ ಆಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದೇ ಆ ವಾಲ್ವ್‌ನ ಕೆಲಸ. ಅದಿಲ್ಲದೆ ಚಳಿಗಾಲದಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ, ಇಂಧನವೂ ಜಾಸ್ತಿ ಕುಡಿಯುತ್ತದೆ. ಬೇಸಿಗೆಯಲ್ಲಿ ಗಾಡಿ ಕುದಿಯುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್ ಸರಿ ಮಾಡಿಸಿ. ಒಳ್ಳೆಯ ವಾಲ್ವ್ ಕಿತ್ತು ಬಿಸಾಡಬೇಡಿ.

ಹೊಸ ವಾಲ್ವ್ ಹಾಕುವ ಮೊದಲು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ತಣ್ಣೀರಿನಲ್ಲಿ ಮುಚ್ಚಿರಬೇಕು, ನೀರು ಕುದಿಯುವಷ್ಟರಲ್ಲಿ ತೆರೆದಿರಬೇಕು. ಪಾತ್ರೆ ಹಳೆಯದಿರಲಿ, ಇಲ್ಲದಿದ್ದರೆ ಮನೆಯವರಿಂದ ಬೈಗುಳ ಗ್ಯಾರಂಟಿ.

ಮುಳ್ಳು ಸರಿಯಾಗಿ ಏರಿದರೂ ಗಾಳಿ ತಣ್ಣಗಿದೆಯಾ? ಹೀಟರ್ ಫುಲ್ ಇಟ್ಟು, ಆಮೇಲೆ ಎಂಜಿನ್ ಆಫ್ ಮಾಡಿ ಬಾನೆಟ್ ತೆಗೆಯಿರಿ. ಎಂಜಿನ್‌ನಿಂದ ಡ್ಯಾಶ್‌ಬೋರ್ಡ್ ಕಡೆಯ ಗೋಡೆಗೆ ಹೋಗುವ ಆ ಎರಡು ಪೈಪ್‌ಗಳನ್ನು ಬಟ್ಟೆ ಸುತ್ತಿದ ಕೈಯಿಂದ ಜೋಪಾನವಾಗಿ ಮುಟ್ಟಿ. ಎರಡೂ ಬಿಸಿ ಇದ್ದರೆ ನೀರು ಬರುತ್ತಿದೆ, ತೊಂದರೆ ಗಾಳಿಯನ್ನು ಕೋರ್ ಕಡೆ ತಿರುಗಿಸುವ ಒಳಗಿನ ಫ್ಲಾಪ್‌ನದು. ಗುಂಡಿ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ಒಳಗೆ ಟಕ್ ಟಕ್ ಎಂದರೆ ಫ್ಲಾಪ್‌ನ ಪುಟ್ಟ ಮೋಟಾರ್ ಹೋಗಿದೆ. ಹಳೆಯ ಗಾಡಿಗಳಲ್ಲಿ ಅದಕ್ಕೆ ಕೇಬಲ್ ಇರುತ್ತದೆ. ವರ್ಷಗಟ್ಟಲೆ ಹೀಟರ್ ಮುಟ್ಟದೆ ಕೇಬಲ್ ಬಿಗಿದುಕೊಂಡಿರುವುದೂ ಉಂಟು.

ಒಂದು ಬಿಸಿ, ಇನ್ನೊಂದು ತಣ್ಣಗೆ? ಹೀಟರ್ ಕೋರ್ ಕಟ್ಟಿಕೊಂಡಿರಬಹುದು. ಇದಕ್ಕೂ ಬೇಸಿಗೆಯೇ ಕಾರಣ, ದಾರಿಯಲ್ಲಿ ಸಿಕ್ಕ ಬೋರ್ ನೀರನ್ನೇ ರೇಡಿಯೇಟರ್‌ಗೆ ಸುರಿಯುತ್ತೇವಲ್ವಾ? ಬಕೆಟ್ಟಿನ ತಳದಲ್ಲಿ ಕೂರುವ ಬಿಳಿ ಪೊರೆಯೇ ಕೋರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ತಣ್ಣಗಾದ ಮೇಲೆ ಎರಡೂ ಪೈಪ್ ಬಿಚ್ಚಿ, ನೀರು ಹೊರಬರುವ ಬಾಯಿಯಿಂದ ಉಲ್ಟಾ ಮೆಲ್ಲಗೆ ನೀರು ಬಿಡಿ. ತಿಳಿ ನೀರು ಬರುವವರೆಗೆ ತೊಳೆಯಿರಿ. ವಾಷಿಂಗ್ ಸೆಂಟರ್‌ನ ಪ್ರೆಷರ್ ಪೈಪ್ ಬೇಡವೇ ಬೇಡ, ಕೋರ್ ಒಡೆಯುತ್ತದೆ. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಮ್ಮೆ ತೊಳೆದು ಹೊಸ ಕೂಲಂಟ್ ತುಂಬಿಸಿ. ಹಳೆಯದನ್ನು ಚರಂಡಿಗೆ, ಅಂಗಳಕ್ಕೆ ಚೆಲ್ಲಬೇಡಿ. ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ.

ಎರಡೂ ತಣ್ಣಗಿದ್ದರೆ, ಅಥವಾ ಬಿಸಿ ಬಂದು ಬಂದು ಹೋಗುತ್ತಿದ್ದರೆ ಒಳಗೆ ಗಾಳಿ ಸೇರಿರಬಹುದು. ಕೂಲಂಟ್ ಬದಲಿಸಿದ ಮೇಲೆ ಹೀಗಾಗುವುದು ಜಾಸ್ತಿ. ಗಾಡಿಯ ಮುಂಭಾಗ ಏರಿನ ಕಡೆ ಇರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದು, ಹೀಟರ್ ಫುಲ್ ಇಟ್ಟು, ಎಂಜಿನ್ ಚಾಲೂ ಮಾಡಿ. ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಮುಚ್ಚಿ. ಗುಳ್ಳೆ ನಿಲ್ಲುವುದೇ ಇಲ್ಲ, ಹಿಂದಿನಿಂದ ಬಿಳಿ ಹೊಗೆಯೂ ಬರುತ್ತಿದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ, ಕೆಳಭಾಗದ ನಡುವಿನ ಸೀಲು) ಹೋಗಿರಬಹುದು. ಗಾಡಿ ಓಡಿಸಬೇಡಿ.

ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಕಾಲ ಬಳಿಯ ಕಾರ್ಪೆಟ್ ಒದ್ದೆ ಇದ್ದರೆ ಕೋರ್ ಸೋರುತ್ತಿದೆ. ಅದನ್ನು ಬದಲಿಸಲು ಹೆಚ್ಚಿನ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಕಳಚಬೇಕು, ಮನೆಯಲ್ಲಿ ಕೈ ಹಾಕಬೇಡಿ. ಅಷ್ಟರವರೆಗೆ ಮಿಸ್ತ್ರಿಗಳು ಎರಡು ಪೈಪ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೊಡುತ್ತಾರೆ. ಗಾಡಿ ಓಡುತ್ತದೆ, ಹೀಟರ್ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಾನೆಟ್ ತೆಗೆದು ಆ ಜೋಡಣೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕೊಂಡವರಿಗೆ ಅದು ಗೊತ್ತಾಗುವುದು ಡಿಸೆಂಬರ್‌ನಲ್ಲೇ.