ಮೂರೇ ಎಲೆ, ಒಂದೇ ಪಾತ್ರೆ: ಬಿಡಿ ಎಲೆಯ ಚಹಾ ಕೈಗೆ ಹತ್ತಿದ ಬಗೆ

ಬಿಡಿ ಎಲೆಯ ಚಹಾಕ್ಕೆ ಹೊಸದಾಗಿ ಕೈಹಾಕಿದವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಇಪ್ಪತ್ತು ಬಗೆಯ ಸ್ಯಾಂಪಲ್ ಪೊಟ್ಟಣ ತರಿಸಿ, ದಿನಕ್ಕೊಂದು ರುಚಿ ನೋಡಿ, ಹಿಡಿಸಿದ್ದನ್ನು ಮುಂದುವರಿಸಿ. ಒಂದು ವರ್ಷ ಹಾಗೆ ಮಾಡಿ ಕೈಸುಟ್ಟುಕೊಂಡ ಮೇಲೆ ಪೂರ್ತಿ ತಿರುವುಮುರುವು ಹಾದಿ ಹಿಡಿದೆ. ಮೂರೇ ಚಹಾ, ಒಂದೇ ಪಾತ್ರೆ, ಒಂದು ತೂಕದ ಯಂತ್ರ. ಒಂದೊಂದು ಎಲೆಯನ್ನೂ ಲೆಕ್ಕ ಇಟ್ಟು ಹನ್ನೆರಡು ಸಲ. "ನಾಲ್ಕನೇ ದಿನಕ್ಕೇ ಬೇಜಾರು ಬರುತ್ತೆ", "ಬೇರೆ ಬೇರೆ ಕುಡಿಯದೆ ನಾಲಿಗೆ ಪಳಗೋದು ಹೇಗೆ?" ಅಂದವರೇ ಹೆಚ್ಚು. ಈಗ ಆರು ತಿಂಗಳಾಗಿದೆ. ಗುರುತು ಮುಚ್ಚಿದ ಮೂರು ಕಪ್ಪು ಮುಂದಿಟ್ಟು, ಎರಡರಲ್ಲಿ ಒಂದೇ ಚಹಾ, ಮೂರನೆಯದರಲ್ಲಿ ಅದೇ ಎಲೆಯನ್ನು ಅರ್ಧ ನಿಮಿಷ ಹೆಚ್ಚು ನೆನೆಸಿದ್ದು ಬಗ್ಗಿಸಿ ಕೊಟ್ಟರೆ, ಹತ್ತಕ್ಕೆ ಎಂಟು ಸಲ ಬೇರೆಯದನ್ನು ಎತ್ತಿ ಹೇಳುತ್ತೇನೆ. ಖರ್ಚು ಮೊದಲಿನ ಅರ್ಧಕ್ಕೂ ಕಡಿಮೆ.

ಗೈವಾನ್ (ಚೀನಾದ ಮುಚ್ಚಳದ ಚಹಾ ಬಟ್ಟಲು) ಬಳಸುವುದು ಹೇಗೆ, ಊಲಾಂಗ್ (ಹಸಿರು ಚಹಾಕ್ಕೂ ಮಾಮೂಲಿ ಕಪ್ಪು ಚಹಾಕ್ಕೂ ನಡುವಿನ ಬಗೆ) ಹೇಗೆ ಆಗುತ್ತದೆ ಎಂಬುದನ್ನೆಲ್ಲ ಇಲ್ಲಿ ವಿವರವಾಗಿ ಬರೆಯುವುದಿಲ್ಲ.

ಮೊದಲು ದುಡ್ಡು ಸೋರಿದ ಜಾಗ ಹೇಳಿಬಿಡುತ್ತೇನೆ. ಮೊದಲ ವರ್ಷ ನೂರು ಪಾಲು ಖರ್ಚಾಯಿತು ಅಂತಿಟ್ಟುಕೊಳ್ಳಿ. ನೆನಪಿನ ಮೇಲೆ ಹೇಳುವುದಾದರೆ ಅದರಲ್ಲಿ ನಲವತ್ತು ಪಾಲು ಪಾತ್ರೆಗಳಿಗೆ, ಮೂವತ್ತೈದು ಪಾಲು ಹಳಸಿ ಎಸೆದ ಎಲೆಗೆ ಹೋಯಿತು. ನಿಜವಾಗಿ ಕುಡಿದದ್ದು ಉಳಿದ ಇಪ್ಪತ್ತೈದರಷ್ಟು ಮಾತ್ರ. ಪಾತ್ರೆಗಳಲ್ಲಿ ಮೊದಲ ತಪ್ಪು ಒಳಗೆ ಎನಾಮಲ್ ಬಳಿದ ಎರಕದ ಕಬ್ಬಿಣದ ಟೀಪಾಟ್. ಬಿಸಿ ಮಾಡಿಕೊಳ್ಳದೆ ಬಳಸಿದರೆ ನೀರಿನ ಶಾಖವನ್ನೆಲ್ಲ ಅದೇ ಹೀರುತ್ತದೆ. ಬಿಸಿ ಮಾಡಿಕೊಂಡರೆ ಶಾಖ ಬಿಡುವುದೇ ಇಲ್ಲ, ಹಸಿರು ಚಹಾ ಅದರೊಳಗೆ ಬೆಂದುಹೋಗುತ್ತದೆ. ಎರಡನೆಯದು ಚೀನಾದ ಯಿಷಿಂಗ್ ಜೇಡಿಮಣ್ಣಿನ ಪಾಟ್. ಮೆರುಗು ಬಳಿಯದ ಮಣ್ಣು, ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಪಾಟಿಗೆ ಒಂದೇ ಜಾತಿಯ ಚಹಾ. ಯಾವ ಜಾತಿ ತನಗೆ ಒಗ್ಗುತ್ತದೆ ಎಂದೇ ತಿಳಿಯದವರಿಗೆ ಅದು ಯಾಕೆ? ಮೂರನೆಯದು ಸರಪಳಿಗೆ ತೂಗುಬಿಡುವ ಗುಂಡು ಸ್ಟ್ರೈನರ್. ಬೆಲೆ ತೀರಾ ಕಡಿಮೆ, ಆದರೆ ಹೆಚ್ಚು ಚಹಾ ಹಾಳು ಮಾಡಿದ್ದು ಇದೇ. ಉಂಡೆಕಟ್ಟಿದ ಊಲಾಂಗ್ ನೆಂದ ಮೇಲೆ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಗುಂಡಿನೊಳಗೆ ಜಾಗ ಸಾಲದೆ ಹೊರಗಿನ ಎಲೆ ಅತಿಯಾಗಿ ಬಿಟ್ಟುಕೊಂಡು, ನಡುವಿನದು ಅರೆಬಿರಿದಂತೆ ಉಳಿಯುತ್ತದೆ. ಒಂದೇ ಕಪ್ಪಿನಲ್ಲಿ ಕಹಿಯೂ ಉಂಟು, ನೀರು ನೀರೂ ಉಂಟು.

ಈಗ ಇರುವುದು ಇಷ್ಟು: 200 ಮಿ.ಲೀ. ಹಿಡಿಯುವ ಮುಚ್ಚಳದ ಪಿಂಗಾಣಿ ಕಪ್ಪು, ಅದರ ತಳದವರೆಗೂ ಇಳಿಯುವ ಅಗಲ ಬಾಯಿಯ ಬುಟ್ಟಿ ಸ್ಟ್ರೈನರ್, 0.1 ಗ್ರಾಂ ತೋರಿಸುವ ತೂಕದ ಯಂತ್ರ, ಟೈಮರ್, ನೀರು ಆರಿಸಲು ಎರಡು ದಪ್ಪ ಪಿಂಗಾಣಿ ಲೋಟ. ಗೈವಾನ್ ಬೇಕೇಬೇಕು ಎನ್ನುವವರ ಮಾತು ಸುಳ್ಳಲ್ಲ, ಆದರೆ ಆರಂಭಕ್ಕಲ್ಲ. ಬೆರಳು ಸುಡುತ್ತ ಬಸಿಯುವಾಗ ಹತ್ತು ಸೆಕೆಂಡಿನ ಚಹಾ ಇಪ್ಪತ್ತಾಗುತ್ತದೆ. ಆಗ ತಪ್ಪು ಎಲೆಯದೋ ಕೈಯದೋ ಗೊತ್ತೇ ಆಗುವುದಿಲ್ಲ.

ತೂಕದ ಯಂತ್ರವನ್ನು ಮಾತ್ರ ಬಿಟ್ಟುಕೊಡಲಾರೆ. ಒಂದು ಟೀ ಚಮಚ ಉಂಡೆ ಊಲಾಂಗ್ ಮೂರು ಗ್ರಾಂ ದಾಟುತ್ತದೆ. ಅದೇ ಚಮಚದಲ್ಲಿ ಅಗಲ ಎಲೆಯ ಬಿಳಿ ಚಹಾ ಒಂದು ಗ್ರಾಂ ಬಂದರೆ ಹೆಚ್ಚು. "ಒಂದು ಚಮಚ ಹಾಕಿ" ಎಂದು ಡಬ್ಬಿಯ ಮೇಲೆ ಬರೆದಿದ್ದನ್ನು ನಂಬಿದರೆ ಮೂರು ಪಟ್ಟು ಹೆಚ್ಚುಕಡಿಮೆ ಆಗುವುದು ಇಲ್ಲೇ.

ಆರಿಸಿಕೊಂಡ ಮೂರು ಎಲೆ: ಮಧ್ಯಮ ಹುರಿದ ತೈವಾನಿನ ಡಾಂಗ್ ಡಿಂಗ್ ಊಲಾಂಗ್, ಡಾರ್ಜಿಲಿಂಗ್ ಸೆಕೆಂಡ್ ಫ್ಲಷ್ (ವರ್ಷದ ಎರಡನೇ ಕೊಯ್ಲು), ಜಪಾನಿನ ಹಸಿರು ಚಹಾ ಸೆಂಚಾ. ಕುಡಿಯುವುದೂ ಇದೇ ಕ್ರಮದಲ್ಲಿ. ಊಲಾಂಗ್ ಮೊದಲು, ಯಾಕೆಂದರೆ ಅದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಎಲೆ. ಐದು ಡಿಗ್ರಿ, ಅರ್ಧ ನಿಮಿಷ ಆಚೀಚೆಯಾದರೂ ಕುಡಿಯುವಂತಿರುತ್ತದೆ. ಸೆಂಚಾ ಕೊನೆಗೆ, ಯಾಕೆಂದರೆ ಅದು ಒಂದನ್ನೂ ಬಿಡುವುದಿಲ್ಲ. ಬಹಳ ಮಂದಿ ಹಸಿರು ಚಹಾದಿಂದಲೇ ಆರಂಭಿಸಿ, ಕುದಿಯುವ ನೀರು ಹೊಯ್ದು, ಕಹಿ ಕುಡಿದು, ಎಲೆಯ ಚಹಾದ ಸಹವಾಸವೇ ಬೇಡ ಎಂದು ಬಿಟ್ಟುಬಿಡುತ್ತಾರೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಬಿಲ್ಲೆಯಾಗಿ ಒತ್ತಿ ಮಾರುವ ಚೀನಾದ ಪು-ಎರ್ ಚಹಾದ ಕಡೆಗೆ ಇನ್ನೂ ಹೋಗಿಲ್ಲ. 357 ಗ್ರಾಮಿನ ಬಿಲ್ಲೆ ಇಡಿಯಾಗಿ ಕೊಳ್ಳುವುದು ಆರಂಭದಲ್ಲಿ ಮಾಡುವ ಕೆಲಸವಲ್ಲ.

ಡಾರ್ಜಿಲಿಂಗ್ ಪೊಟ್ಟಣದ ಮೇಲಿನ ಎಫ್‌ಟಿಜಿಎಫ್‌ಓಪಿ ಅಕ್ಷರಮಾಲೆಗೆ ಮರುಳಾಗಿ ಎರಡು ಸಲ ದುಡ್ಡು ಕಳೆದೆ. ಅದು ಎಲೆಯ ಗಾತ್ರ ಮತ್ತು ನೋಟದ ದರ್ಜೆ, ರುಚಿಯದ್ದಲ್ಲ. ನೋಡಬೇಕಾದ್ದು ತೋಟದ ಹೆಸರು, ಕೊಯ್ಲಿನ ಋತು, ವರ್ಷ. ಫಸ್ಟ್ ಫ್ಲಷ್ ಮಾರ್ಚ್-ಏಪ್ರಿಲ್ ಕೊಯ್ಲು, ಸೆಕೆಂಡ್ ಫ್ಲಷ್ ಮೇ-ಜೂನ್. ವರ್ಷ ಬರೆಯದ ಪೊಟ್ಟಣವನ್ನು ಈಗ ಮುಟ್ಟುವುದೇ ಇಲ್ಲ. ಮಾರುವವರಿಗೆ ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದರ ಉತ್ತರದಿಂದಲೇ ಅರ್ಧ ನಿರ್ಧಾರ ಆಗಿಬಿಡುತ್ತದೆ, ಆದರೆ ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಒಂದು ಎಲೆಗೆ 50 ಗ್ರಾಂ ಸಾಕು. ಊಲಾಂಗಿನ ಹನ್ನೆರಡು ಸರದಿ ಹೀಗೆ. ಮೊದಲ ಮೂರು ಸಲ ಏನನ್ನೂ ಬದಲಿಸುವುದಿಲ್ಲ: 4 ಗ್ರಾಂ, 200 ಮಿ.ಲೀ., 95 ಡಿಗ್ರಿ, 3 ನಿಮಿಷ. ಜನ ಬಿಟ್ಟುಬಿಡುವುದು ಇದನ್ನೇ, ಆದರೆ ಇಡೀ ಪದ್ಧತಿ ನಿಂತಿರುವುದೂ ಇದರ ಮೇಲೇ. ಒಂದೇ ಅಳತೆಯಲ್ಲಿ ಮಾಡಿದ ಮೂರು ಕಪ್ಪು ಮೂರು ಬಗೆ ಬಂದರೆ ಕೈಯಲ್ಲಿ ಎಲ್ಲೋ ಸಡಿಲ ಇದೆ ಎಂದರ್ಥ. ನನ್ನದು ಬಂದಿತ್ತು. ಹುಡುಕಿದಾಗ ಸಿಕ್ಕ ಕಾರಣಗಳು ಎರಡು. ಕಪ್ಪನ್ನು ಬಿಸಿನೀರಿನಲ್ಲಿ ತೊಳೆದುಕೊಳ್ಳದೆ ಹೊಯ್ದರೆ 95 ಇದ್ದ ನೀರು ಹೊಯ್ದೊಡನೆ 87ರ ಆಸುಪಾಸಿಗೆ ಬೀಳುತ್ತಿತ್ತು. ಇನ್ನೊಂದು, ಬುಟ್ಟಿ ಎತ್ತಿದ ಮೇಲೆ ಹನಿ ಪೂರ್ತಿ ನಿಲ್ಲುವವರೆಗೆ ಹಿಡಿಯುತ್ತಿರಲಿಲ್ಲ. ಎಲೆಯ ಬುಡದಲ್ಲಿ ಉಳಿದ ಎರಡು ಚಮಚ ನೀರು ನೆನೆಯುತ್ತಲೇ ಇದ್ದು, ಎರಡನೇ ನೀರನ್ನು (ಅದೇ ಎಲೆಗೆ ಎರಡನೇ ಸಲ ಹೊಯ್ದು ಮಾಡುವ ಚಹಾವನ್ನು) ಕೆಡಿಸುತ್ತಿತ್ತು. ಹಾಗಂತ ಎಲೆಯನ್ನು ಚಮಚದಿಂದ ಒತ್ತಬಾರದು, ಒಗರು ಇಳಿಯುತ್ತದೆ. ಬಸಿದು ಬಿಡಬೇಕು, ಅಷ್ಟೇ.

ನಾಲ್ಕರಿಂದ ಆರನೇ ಸಲ ಸಮಯ ಮಾತ್ರ ಬದಲು: 2 ನಿಮಿಷ, ಎರಡೂವರೆ, ನಾಲ್ಕೂವರೆ. ಏಳರಿಂದ ಒಂಬತ್ತು ತೂಕ ಮಾತ್ರ: 3, 3.5, 5 ಗ್ರಾಂ. ಹತ್ತು, ಹನ್ನೊಂದು ಶಾಖ ಮಾತ್ರ: 85, ಆಮೇಲೆ ಪೂರ್ತಿ ಕುದಿ. ಹನ್ನೆರಡನೆಯದು ಅಲ್ಲಿಯವರೆಗೆ ಬರೆದಿಟ್ಟ ಪುಸ್ತಕ ನೋಡಿ ತನಗೆ ಸರಿ ಕಂಡ ಅಳತೆ. ನನ್ನದು 4.2 ಗ್ರಾಂ, ಹೆಚ್ಚುಕಡಿಮೆ ಕುದಿನೀರು, 2 ನಿಮಿಷ 20 ಸೆಕೆಂಡಿಗೆ ಬಂದು ನಿಂತಿತು. ಪ್ರತಿ ಸಲವೂ ಅದೇ ಎಲೆಗೆ ಮೂರು ನೀರು. ಉಂಡೆ ಊಲಾಂಗಿನಲ್ಲಿ ಎರಡನೇ ನೀರಿಗೆ ಮೊದಲನೆಯದಕ್ಕಿಂತ ಕಡಿಮೆ ಹೊತ್ತು ಸಾಕು, ಅಷ್ಟರಲ್ಲಿ ಉಂಡೆ ಬಿಚ್ಚಿಕೊಂಡಿರುತ್ತದೆ. ಮೂರನೆಯದಕ್ಕೆ ಮತ್ತೆ ಏರಿಸಿ ನಾಲ್ಕು ನಿಮಿಷ. ಮೂರಕ್ಕೂ ಒಂದೇ ಸಮಯ ಇಟ್ಟವರು ಎರಡನೆಯದು ಗಡಸು ಎಂದೂ ಮೂರನೆಯದು ಸಪ್ಪೆ ಎಂದೂ ದೂರುವುದು ಇದಕ್ಕೇ.

ಬರೆದಿಟ್ಟುಕೊಳ್ಳುವುದು ಮೂರೇ ಅಂಕಿ: ಕಹಿ, ಒಗರು, ಸಿಹಿ, ಸೊನ್ನೆಯಿಂದ ಐದು. ಹೂವಿನ ಘಮ, ಹಣ್ಣಿನ ಘಮ ಎಂಬ ಪಟ್ಟಿಗಳನ್ನು ಮೊದಲ ಮೂರು ತಿಂಗಳು ಬದಿಗಿಡುವುದು ಒಳ್ಳೆಯದು. ಕಹಿಗೂ ಒಗರಿಗೂ ವ್ಯತ್ಯಾಸ ಹಿಡಿಯುವುದೇ ಮೊದಲ ಪಾಠ. ಕಹಿ ನಾಲಿಗೆಗೆ ತಗಲುವ ರುಚಿ. ಒಗರು ವಸಡು, ಕೆನ್ನೆಯ ಒಳಬದಿ ಒಣಗಿ ಹಿಡಿದಂತಾಗುವುದು. ನನ್ನ ಕೈಯಲ್ಲಿ ಕಹಿ ಹೆಚ್ಚಿದಾಗ ಶಾಖ ಇಳಿಸುವುದು, ಒಗರು ಹೆಚ್ಚಿದಾಗ ಸಮಯ ಕಡಿತ ಮಾಡುವುದು ಬಹುತೇಕ ಸಲ ಕೆಲಸ ಮಾಡಿದೆ. ಇನ್ನೊಂದು: ತೀರಾ ಬಿಸಿ ಇರುವಾಗ ತೀರ್ಪು ಕೊಡಬೇಡಿ. ಕಪ್ಪು 55 ಡಿಗ್ರಿಗೆ ಇಳಿದ ಮೇಲೆ ಎಲೆಯ ಗುಣವೂ ದೋಷವೂ ಎದ್ದು ಬರುತ್ತವೆ.

ಡಾರ್ಜಿಲಿಂಗ್ ಬೇಗ ಮುಗಿಯಿತು. ಎರಡೂವರೆ ಗ್ರಾಂ ಎಲೆ 200 ಮಿ.ಲೀ.ಗೆ, 95 ಡಿಗ್ರಿ, ಮೂರು ನಿಮಿಷ. ನಾಲ್ಕಕ್ಕೆ ಹೋದರೆ ಒಗರು ಎಲ್ಲವನ್ನೂ ಮುಚ್ಚುತ್ತದೆ. ಎರಡೇ ನೀರು, ಮೂರನೆಯದಕ್ಕೆ ಆಸೆ ಪಡಬಾರದು.

ಸೆಂಚಾದಲ್ಲಿ ಹೆಚ್ಚು ಸೋತೆ. ಮೊದಲ ಪೊಟ್ಟಣ ಫುಕಾಮುಶಿ, ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸಿದ್ದು. ಎಲೆ ಪುಡಿಪುಡಿಯಾಗಿ ಸ್ಟ್ರೈನರಿನ ತೂತು ಕಟ್ಟಿ, ನೀರು ಇಳಿಯುವಷ್ಟರಲ್ಲಿ ಅರ್ಧ ನಿಮಿಷ ಹೆಚ್ಚಾಗುತ್ತಿತ್ತು. ಕಡಿಮೆ ಹಬೆಯ, ಸೂಜಿಯಂತಹ ಎಲೆಗೆ ಬದಲಿಸಿದ ಮೇಲೆ ಹಾದಿಗೆ ಬಂತು. ಅಳತೆ: 3 ಗ್ರಾಂ, 150 ಮಿ.ಲೀ., 70 ಡಿಗ್ರಿ, ಒಂದು ನಿಮಿಷ. ಎರಡನೇ ನೀರು 80 ಡಿಗ್ರಿ, 15 ಸೆಕೆಂಡ್, ಒಂದು ಸೆಕೆಂಡೂ ಹೆಚ್ಚಿಲ್ಲ. ಮೂರನೆಯದು 85, ಮುಕ್ಕಾಲು ನಿಮಿಷ. ಥರ್ಮಾಮೀಟರ್ ಕೊಳ್ಳುವುದು ಬೇಡ. ಕುದಿದ ನೀರನ್ನು ದಪ್ಪ ಪಿಂಗಾಣಿ ಲೋಟದಿಂದ ಲೋಟಕ್ಕೆ ಒಮ್ಮೆ ಬದಲಿಸಿದರೆ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ. ಮೂರು ಸಲ ಬದಲಿಸಿದರೆ 70ರ ಹತ್ತಿರ. ಎರವಲು ತಂದ ಥರ್ಮಾಮೀಟರಿನಲ್ಲಿ ಏಳೆಂಟು ಸಲ ಅಳೆದು ನೋಡಿದ ಲೆಕ್ಕ ಇದು. ಎತ್ತರದ ಜಾಗದಲ್ಲಿರುವವರು ಮಾತ್ರ ಎಚ್ಚರ: ಸರಿಸುಮಾರು 300 ಮೀಟರ್ ಏರಿದಂತೆ ಕುದಿಯುವ ಬಿಂದು ಒಂದು ಡಿಗ್ರಿ ಕಡಿಮೆಯಾಗುತ್ತದೆ.

ಹಳಸಿದ ಸೆಂಚಾ ಎಸೆಯುವ ಬದಲು ಒಂದು ಪ್ರಯೋಗ ಮಾಡಿದ್ದೆ. ದಪ್ಪ ತಳದ ಒಣ ಬಾಣಲೆ, ಸಣ್ಣ ಉರಿ, 15 ಗ್ರಾಂ ಎಲೆ. ಬಾಣಲೆಯನ್ನು ಕುಲುಕುತ್ತಲೇ ಇರಬೇಕು. ಮೂರು ನಿಮಿಷಕ್ಕೆ ಹಸಿರು ವಾಸನೆ ಹೋಗುತ್ತದೆ, ಐದಕ್ಕೆ ಕಂದು ಬಣ್ಣ ಬರುತ್ತದೆ, ಹುರಿದ ಘಮ ಏಳುತ್ತದೆ. ಹೊಗೆ ಕಂಡರೆ ಮುಗಿಯಿತು, ಬೂದಿಯ ರುಚಿ. ಇಳಿಸಿದೊಡನೆ ಅಗಲ ತಟ್ಟೆಗೆ ಹರಡದಿದ್ದರೆ ಬಾಣಲೆಯ ಬಿಸಿಗೇ ಕರಟುತ್ತದೆ. ಜಪಾನಿನ ಹೋಜಿಚಾ ಇದೇ ದಾರಿಯದು. ಕುದಿನೀರು, ಅರ್ಧ ನಿಮಿಷ ಸಾಕು. ಇದನ್ನು ಊಲಾಂಗಿನ ಮೂರನೇ ನೀರಿಗೆ ಬೆರೆಸುವ ಒಂದು ಪ್ರಮಾಣ ಕಂಡುಕೊಂಡಿದ್ದೇನೆ, ತುಂಬಾ ಚೆನ್ನಾಗಿದೆ. ಪ್ರಮಾಣ ಮಾತ್ರ ಹೇಳುವುದಿಲ್ಲ.

ನೀರಿನ ಪ್ರಯೋಗಕ್ಕೆ ಎರಡು ವಾರ ಹಿಡಿಯಿತು. ಒಂದೇ ಊಲಾಂಗ್, ಒಂದೇ ಅಳತೆ, ಮೂರು ಬಗೆಯ ನೀರು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 15ರಷ್ಟಿದ್ದ ಆರ್‌ಓ ನೀರಿನಲ್ಲಿ ಚಹಾ ಚಪ್ಪಟೆ, ಘಮ ಇದ್ದರೂ ಬಾಯಲ್ಲಿ ಮೈಯಿಲ್ಲ. 300ರ ಗಡಸು ನೀರಿನಲ್ಲಿ ಬಣ್ಣ ಕಪ್ಪಗೆ, ಮೇಲೆ ತೆಳು ಪೊರೆ. ನೀರಿನ ಕ್ಯಾಲ್ಸಿಯಂ ಚಹಾದ ಪಾಲಿಫಿನಾಲಿನ ಜೊತೆ ಸೇರಿ ಕಟ್ಟುವ ಪೊರೆ ಅದು. ಮೂರು ಪಾಲು ಆರ್‌ಓ ನೀರಿಗೆ ಒಂದು ಪಾಲು ಗಡಸು ನೀರು ಬೆರೆಸಿದಾಗ ಮೀಟರ್ 85ರ ಆಸುಪಾಸು ತೋರಿಸಿತು, ಚಹಾ ತಾನಾಗಿ ಸರಿಹೋಯಿತು. ದುಬಾರಿ ಎಲೆ ಕೊಳ್ಳುವ ಮೊದಲು ಇದನ್ನು ಮಾಡಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು.

ಎಲೆಯನ್ನು ಕೆಡಿಸುವುದು ಬೆಳಕು, ತೇವ, ಗಾಳಿ, ಬಿಸಿ, ಪಕ್ಕದ ವಾಸನೆ. ಗಾಜಿನ ಭರಣಿಯಲ್ಲಿ ಕಪಾಟಿನ ಮೇಲಿಟ್ಟ ಹಸಿರು ಚಹಾ ಎರಡೇ ವಾರದಲ್ಲಿ ಒಣಹುಲ್ಲಿನ ವಾಸನೆಗೆ ತಿರುಗಿತು. ಈಗ 25 ಗ್ರಾಮಿನ ಎರಡು ಪೊಟ್ಟಣ ಮಾಡಿ, ಗಾಳಿ ಹಿಂಡಿ ಮುಚ್ಚಿ, ಒಂದನ್ನು ಫ್ರಿಜ್ಜಿನಲ್ಲಿಡುತ್ತೇನೆ. ಹೊರತೆಗೆದೊಡನೆ ಬಿಚ್ಚಬಾರದು, ತಣ್ಣಗಿನ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ. ಒಂದು ರಾತ್ರಿ ಹೊರಗಿಟ್ಟು ಬಿಚ್ಚಿ, ಬಿಚ್ಚಿದ್ದನ್ನು ಮತ್ತೆ ಫ್ರಿಜ್ಜಿಗೆ ಇಡದೆ ಒಂದು ತಿಂಗಳೊಳಗೆ ಮುಗಿಸಬೇಕು.

ಬೆಲೆಯ ಲೆಕ್ಕವನ್ನು ಗ್ರಾಮಿಗೆ ಹಾಕಬೇಡಿ, ಕಪ್ಪಿಗೆ ಹಾಕಿ. 4 ಗ್ರಾಂ ಊಲಾಂಗ್ ಮೂರು ನೀರಿಗೆ ಮೂರು ಕಪ್ಪು, ಅಂದರೆ ಕಪ್ಪಿಗೆ 1.3 ಗ್ರಾಂ. ಟೀ ಬ್ಯಾಗಿನಲ್ಲಿ ಕಪ್ಪಿಗೆ ಎರಡು ಗ್ರಾಂ. ಗ್ರಾಮಿಗೆ ಮೂರು ಪಟ್ಟು ದುಬಾರಿಯಾದ ಎಲೆ ಕಪ್ಪಿಗೆ ಬರುವಾಗ ಎರಡೇ ಪಟ್ಟು.

ನಾಲ್ಕನೇ ಎಲೆ ಕೊಳ್ಳುವಾಗ 10 ಗ್ರಾಂ ಮಾತ್ರ ತರಿಸಿ, ರುಚಿ ನೋಡುವವರು ಬಳಸುವ ಐಎಸ್‌ಓ 3103 ಅಳತೆ ಹಾಕುತ್ತೇನೆ: 100 ಮಿ.ಲೀ.ಗೆ 2 ಗ್ರಾಂ, ಕುದಿನೀರು, 6 ನಿಮಿಷ. ಸವಿಯಲು ಅಲ್ಲ, ದೋಷ ಹೊರಗೆಳೆಯಲು ಇರುವ ಅಳತೆ ಅದು. ಅಷ್ಟು ಕಟುವಾಗಿ ನೆನೆಸಿದರೂ ಒಗರಿನ ಹಿಂದೆ ಸಿಹಿ ಉಳಿದಿದ್ದರೆ 50 ಗ್ರಾಮಿಗೆ ಹೇಳುತ್ತೇನೆ, ಇಲ್ಲದಿದ್ದರೆ ಅಲ್ಲಿಗೇ ಬಿಡುತ್ತೇನೆ. ಸೆಂಚಾಕ್ಕೆ ಮಾತ್ರ ಕುದಿನೀರಿನ ಈ ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರಬೇಡಿ. ಹಾಗೆ ಮಾಡಿ ಎರಡು ಒಳ್ಳೆಯ ಎಲೆಗಳನ್ನು ವಾಪಸ್ ಕಳಿಸಿದ್ದೇನೆ. ಅದಕ್ಕೆ 70 ಡಿಗ್ರಿಯಲ್ಲಿ ಎರಡು ನಿಮಿಷ ಸಾಕು.